ಬಿಲ್ಲಿಗೆ ಬಂದ ಭಾಷೆ ಸ್ವೀಕೃತಿಗೂ ಬರಲಿ



ಈ ಊರಿಗೆ ಚೆನ್ನೈ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1996ರಲ್ಲಿ. ಆದರೆ ಇಲ್ಲಿಂದ ಹೊರಡುವ ಮತ್ತು ಇಲ್ಲಿಗೆ ಬರುವ ಕಂಟೇನರುಗಳ ದಾಖಲೆಗಳಲ್ಲಿ ಇದು ಇಂದಿಗೂ ಮದ್ರಾಸು. ವಿಶ್ವಸಂಸ್ಥೆಯ ಸ್ಥಳಸಂಕೇತಗಳ ಪಟ್ಟಿಯಲ್ಲಿ ಚೆನ್ನೈಯ ಸಂಕೇತ ಐಎನ್‌ಎಂಎಎ. ಮೊದಲ ಎರಡು ಅಕ್ಷರ ಭಾರತಕ್ಕೆ, ಉಳಿದ ಮೂರು ಹಳೆಯ ಮದ್ರಾಸಿಗೆ. ಅದರ ಕೊನೆಗೆ 1 ಸೇರಿಸಿದರೆ ನಮ್ಮ ಕಸ್ಟಮ್ಸ್ ಇಲಾಖೆಗೆ ಅದು ಸಮುದ್ರದ ಬಂದರು, 4 ಸೇರಿಸಿದರೆ ಮೀನಂಬಾಕ್ಕಮ್ ವಿಮಾನ ನಿಲ್ದಾಣ. ಊರಿನ ಹೆಸರು ಬದಲಿಸಲು ಸರ್ಕಾರದ ಒಂದು ತೀರ್ಮಾನ ಸಾಕಾಯಿತು. ಸಂಕೇತ ಬದಲಿಸಬೇಕಾದರೆ ಸಿಂಗಪುರ, ಕೊಲಂಬೊ, ರಾಟರ್‌ಡ್ಯಾಮ್, ಬೂಸಾನ್ ಬಂದರುಗಳ ಕಂಪ್ಯೂಟರುಗಳೆಲ್ಲ ಒಂದೇ ರಾತ್ರಿಯಲ್ಲಿ ಬದಲಾಗಬೇಕು. ಅದಕ್ಕೆ ಯಾರೂ ಕೈಹಾಕಲಿಲ್ಲ.

ವ್ಯಾಪಾರದ ಮಾನಕಗಳ ಸ್ವಭಾವವೇ ಹೀಗೆ. ಬೇರೂರುವ ತನಕ ಅವು ಯಾರ ಕಣ್ಣಿಗೂ ಬೀಳುವುದಿಲ್ಲ, ಬೇರೂರಿದ ಮೇಲೆ ಸರ್ಕಾರಗಳಿಗೂ ಅಲುಗಾಡಿಸಲಾಗುವುದಿಲ್ಲ. ಆದ್ದರಿಂದ ಒಂದು ಮಾನಕವನ್ನು ಬರೆಯುವ ದಿನ ಆ ಮೇಜಿನ ಸುತ್ತ ಯಾರು ಕುಳಿತಿದ್ದರು, ಯಾರು ಕುಳಿತಿರಲಿಲ್ಲ ಎಂಬುದು ದೊಡ್ಡ ಪ್ರಶ್ನೆ. ಕಂಪನಿ ಮತ್ತು ಕಂಪನಿಯ ನಡುವಿನ ವ್ಯಾಪಾರದಲ್ಲಿ ಮಾರ್ಕಪ್ ಭಾಷೆಗಳು ಏನು ಮಾಡಿವೆ ಎಂದು ಹೇಳುವುದು ಈ ಉಪನ್ಯಾಸದ ಉದ್ದೇಶ. ಅದನ್ನು ಈ ಪ್ರಶ್ನೆಯ ಬೆನ್ನು ಹಿಡಿದೇ ಹೇಳುತ್ತೇನೆ.

ಚೆನ್ನೈಗೂ ಕರ್ನಾಟಕಕ್ಕೂ ಇರುವ ನಂಟುಗಳಲ್ಲಿ ಹೆಚ್ಚು ಮಾತಿಗೆ ಬಾರದ ಒಂದಿದೆ. ಸಮುದ್ರವಿಲ್ಲದ ಬೆಂಗಳೂರಿಗೆ ಚೆನ್ನೈ ಒಂದು ಮುಖ್ಯ ಕಡಲ ಬಾಗಿಲು. ಪೀಣ್ಯದ ಕಾರ್ಖಾನೆಯಲ್ಲಿ ಕಡೆದ ಬಿಡಿಭಾಗ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೊ ಸೇರಿ, ಅಲ್ಲಿಂದ ರೈಲಿನಲ್ಲೋ ಟ್ರೈಲರಿನಲ್ಲೋ ಚೆನ್ನೈಗೆ ಬಂದು ಹಡಗು ಹತ್ತುತ್ತದೆ. ಅಂಥ ಒಂದು ಕಂಟೇನರಿನ ಹಿಂದೆ ಹೊರಡುವ ಮಾಹಿತಿಯನ್ನು ಗಮನಿಸಿ. ಏನು ಸರಕು, ಎಷ್ಟು ತೂಕ, ಎಷ್ಟು ಬೆಲೆ, ಯಾರು ಯಾರಿಗೆ ಕಳಿಸಿದರು ಎಂಬ ನಾಲ್ಕೈದು ಸಂಗತಿಗಳು ಮಾತ್ರ. ಕಾರ್ಖಾನೆಯ ಲೆಕ್ಕ ಟ್ಯಾಲಿ ತಂತ್ರಾಂಶದಲ್ಲಿದ್ದರೆ ಅವು ಹೊರಬರುವುದು ಎಕ್ಸ್‌ಎಂಎಲ್ ಎಂಬ ಮಾರ್ಕಪ್ ರೂಪದಲ್ಲಿ. ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲ್ಲಿಗೆ ಅವನ್ನೇ ಜೇಸನ್ ಎಂಬ ಬೇರೆ ರೂಪದಲ್ಲಿ ಕೊಡಬೇಕು. ಕಸ್ಟಮ್ಸಿನ ಐಸ್‌ಗೇಟ್ ಪೋರ್ಟಲ್ಲಿಗೆ ಹೋಗುವ ಶಿಪ್ಪಿಂಗ್ ಬಿಲ್ಲಿನ ಕಡತ ಬಹುಕಾಲದಿಂದ ಬೇರೊಂದು ಬಗೆಯದು, ಅದರಲ್ಲಿ ಒಂದು ಮಾಹಿತಿಗೂ ಇನ್ನೊಂದಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ವಿಭಜಕ ಚಿಹ್ನೆ ಇರುತ್ತದೆ. ಹಡಗಿನ ಕಂಪನಿ ಮತ್ತು ಬಂದರಿನ ಟರ್ಮಿನಲ್ಲುಗಳು ಮಾತಾಡುವುದು ಎಡಿಫ್ಯಾಕ್ಟ್ ಎಂಬ ಹಳೆಯ ಭಾಷೆಯಲ್ಲಿ. ಹಣ ಆರ್‌ಟಿಜಿಎಸ್ ಮೂಲಕ ಬಂದರೆ ಅದು ಐಎಸ್‌ಓ 20022 ಎಂಬ ಮತ್ತೊಂದು ಎಕ್ಸ್‌ಎಂಎಲ್ ಮಾನಕದಲ್ಲಿ, ರಿಸರ್ವ್ ಬ್ಯಾಂಕು 2013ರ ಅಕ್ಟೋಬರಿನಲ್ಲಿ ಒಪ್ಪಿಕೊಂಡ ರೂಪದಲ್ಲಿ, ಬರುತ್ತದೆ.

ಸಂಗತಿ ಒಂದೇ, ಭಾಷೆಗಳು ಐದು. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವನ್ನು ಯಾರೋ ಮಾಡಲೇಬೇಕು. ಅವರಿಗೆ ಸಂಬಳ ಯಾರು ಕೊಡುತ್ತಾರೆ? ತಪ್ಪಾದರೆ ದಂಡ ಯಾರು ತೆರುತ್ತಾರೆ? ಬಹುಮಟ್ಟಿಗೆ ಉತ್ತರ ಒಂದೇ. ಸರಪಣಿಯಲ್ಲಿ ಅತಿ ಚಿಕ್ಕವನು ಯಾರೋ ಅವನು.

ಮಾರ್ಕಪ್ ಎಂದರೇನು ಎಂಬುದನ್ನು ಬಿಡಿಸಿ ಹೇಳಬೇಕು. ಎಡಿಫ್ಯಾಕ್ಟಿನಲ್ಲಿ ಚೆನ್ನೈಯಿಂದ ಸರಕು ಹಡಗು ಹತ್ತುತ್ತದೆ ಎಂದು ಬರೆಯುವುದು ಹೀಗೆ: ಎಲ್‌ಓಸಿ, ಅಧಿಕ ಚಿಹ್ನೆ, 9, ಅಧಿಕ ಚಿಹ್ನೆ, ಐಎನ್‌ಎಂಎಎ. ಇದರಲ್ಲಿ 9 ಎಂದರೆ ಸರಕು ಹಡಗಿಗೇರುವ ಸ್ಥಳ ಎಂಬುದು ಸಂಕೇತಗಳ ಪುಸ್ತಕ ನೋಡಿದವರಿಗೆ ಮಾತ್ರ ಗೊತ್ತು. ಇಷ್ಟು ಬಿಗಿಯಾಗಿ ಬರೆಯಲು ಕಾರಣವಿತ್ತು. 1987ರಲ್ಲಿ ಎಡಿಫ್ಯಾಕ್ಟ್ ಅಂತರರಾಷ್ಟ್ರೀಯ ಮಾನಕವಾದ ಕಾಲದಲ್ಲಿ ಇಂಥ ಸಂದೇಶಗಳು ಖಾಸಗಿ ಜಾಲಗಳ ಮೂಲಕ ಓಡಾಡುತ್ತಿದ್ದವು, ಆ ಜಾಲಗಳ ಒಡೆಯರು ಸಾವಿರ ಅಕ್ಷರಕ್ಕೆ ಇಷ್ಟು ಎಂದು ಬಾಡಿಗೆ ಎಣಿಸುತ್ತಿದ್ದರು. ಅಕ್ಷರಕ್ಕೆ ದುಡ್ಡು ಬೀಳುವಾಗ ವಿವರಿಸಿ ಬರೆಯುವವರು ಯಾರು?

ಮಾರ್ಕಪ್ಪಿನ ದಾರಿ ಬೇರೆ. ಪ್ರತಿ ಮಾಹಿತಿಯ ಮುಂದೆ ಅದು ಏನೆಂದು ಹೇಳುವ ಒಂದು ಟ್ಯಾಗು, ಮುಗಿದ ಮೇಲೆ ಮುಗಿಯಿತೆಂದು ಹೇಳುವ ಮತ್ತೊಂದು ಟ್ಯಾಗು. ಮನುಷ್ಯರೂ ಓದಬಹುದು, ಯಂತ್ರವೂ ಓದಬಹುದು. ಇದರ ಹುಟ್ಟು ವ್ಯಾಪಾರದಲ್ಲಲ್ಲ. 1969ರ ಹೊತ್ತಿಗೆ ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಶರ್, ರೇಮಂಡ್ ಲೋರಿ ಎಂಬ ಮೂವರು ವಕೀಲರ ಕಚೇರಿಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ನಿಭಾಯಿಸುವ ಯೋಜನೆಯಲ್ಲಿದ್ದರು. ಅಲ್ಲಿ ಹುಟ್ಟಿದ ವಿಚಾರ ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದು ವಿಸ್ತಾರವಾಗಿತ್ತು, ಕಷ್ಟವೂ ಆಗಿತ್ತು. ಸನ್ ಮೈಕ್ರೊಸಿಸ್ಟಮ್ಸಿನ ಜಾನ್ ಬೊಸಾಕ್ ಅವರ ಮುಂದಾಳತ್ವದ ತಂಡ ಅದನ್ನು ಇಂಟರ್‌ನೆಟ್ಟಿಗೆ ಒಗ್ಗುವಂತೆ ಹಗುರ ಮಾಡಿತು. 1998ರ ಫೆಬ್ರವರಿ 10ರಂದು ವರ್ಲ್ಡ್ ವೈಡ್ ವೆಬ್ ಒಕ್ಕೂಟ ಅದನ್ನು ಎಕ್ಸ್‌ಎಂಎಲ್ ಎಂಬ ಹೆಸರಿನಲ್ಲಿ ಹೊರತಂದಿತು. ಯಾರಾದರೂ ಓದಬಹುದು, ಬಳಸಬಹುದು, ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ.

ಕನ್ನಡಿಗರಾದ ನಮಗೆ ಆ ದಾಖಲೆಯಲ್ಲಿ ಒಂದು ವಿಶೇಷವಿದೆ. ಟ್ಯಾಗುಗಳ ಹೆಸರಿನಲ್ಲಿ ಯಾವ ಯಾವ ಲಿಪಿಯ ಯಾವ ಅಕ್ಷರ ಬರಬಹುದು ಎಂಬ ಉದ್ದದ ಪಟ್ಟಿ 1998ರ ಮೊದಲ ಆವೃತ್ತಿಯಲ್ಲೇ ಇತ್ತು. ಅದರಲ್ಲಿ ಕನ್ನಡದ ಅಕಾರದಿಂದ ಹಕಾರದವರೆಗಿನ ಅಕ್ಷರಗಳಿವೆ, ಹಳಗನ್ನಡದ ೞ ಕೂಡ ಇದೆ. ಕನ್ನಡದಲ್ಲೇ ಟ್ಯಾಗು ಬರೆದ ಬಿಲ್ಲನ್ನು ಜಗತ್ತಿನ ಯಾವ ಎಕ್ಸ್‌ಎಂಎಲ್ ತಂತ್ರಾಂಶವೂ ತಪ್ಪೆನ್ನುವಂತಿಲ್ಲ. ಆ ೞಕಾರಕ್ಕೆ ಯುನಿಕೋಡಿನಲ್ಲಿ ಇಂಗ್ಲಿಷಿನ ಹೆಸರು ಕೊಡುವಾಗ ತಪ್ಪಾಗಿ ಅದು ‘ಫ’ ಎಂದು ದಾಖಲಾಗಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಯುನಿಕೋಡಿನಲ್ಲಿ ಇರುವುದರಿಂದ ಆ ಹೆಸರು ಹಾಗೇ ಉಳಿದಿದೆ, ಪಕ್ಕದಲ್ಲಿ ಒಂದು ತಿದ್ದುಪಡಿಯ ಹೆಸರು ಸೇರಿಕೊಂಡಿದೆ. ಹೆಸರಿಟ್ಟ ದಿನ ಹಳಗನ್ನಡ ಬಲ್ಲ ಒಬ್ಬರು ಆ ಮೇಜಿನಲ್ಲಿದ್ದಿದ್ದರೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

1998 ಚೆನ್ನೈಗೂ ದೊಡ್ಡ ವರ್ಷ. ಆ ವರ್ಷ ಇರುಂಗಾಟ್ಟುಕೋಟ್ಟೈಯ ಹ್ಯುಂಡೈ ಕಾರ್ಖಾನೆಯ ಸ್ಯಾಂಟ್ರೊ ಮಾರುಕಟ್ಟೆಗೆ ಬಂತು. ಆ ವರ್ಷವೇ ಇಂಟರ್‌ನೆಟ್ ಸೇವೆ ಖಾಸಗಿಯವರಿಗೆ ತೆರೆಯಿತು, ಮೊದಲು ಹೆಜ್ಜೆಯಿಟ್ಟ ಸತ್ಯಂ ಇನ್ಫೊವೇ ಈ ಊರಿನದೇ ಕಂಪನಿ. ಮುಂದೆ ಮರೈಮಲೈನಗರದಲ್ಲಿ ಫೋರ್ಡ್, ಒರಗಡಮ್ಮಿನಲ್ಲಿ ರೆನೊ-ನಿಸಾನ್ ಮತ್ತು ಡೈಮ್ಲರ್ ತಳವೂರಿದವು. ಅಂಬತ್ತೂರು, ಶ್ರೀಪೆರುಂಬುದೂರು, ತಿರುಮುಡಿವಾಕ್ಕಮ್ ಸುತ್ತ ಸಾವಿರಾರು ಸಣ್ಣ ಕಾರ್ಖಾನೆಗಳು ಈ ದೊಡ್ಡವರ ಶೆಡ್ಯೂಲಿಗೆ ತಮ್ಮ ಪಾಳಿಗಳನ್ನು ಹೊಂದಿಸಿಕೊಂಡವು. ಕಾರಿನ ಉದ್ಯಮದಲ್ಲಿ ಸಂದೇಶವೆಂದರೆ ಬರೀ ಕಾಗದವಲ್ಲ. ಅಸೆಂಬ್ಲಿ ಲೈನಿನ ಪಕ್ಕದಲ್ಲಿ ಗೋದಾಮು ಇಟ್ಟುಕೊಳ್ಳದೆ ಕೆಲಸ ನಡೆಸುವವರಿಗೆ ಮಾಹಿತಿಯೇ ಗೋದಾಮು.

ಅಮೆರಿಕದ ಎಕ್ಸ್12 ಮಾನಕ ಬಳಸುವ ಕೊಳ್ಳುಗರಿಗೆ ಸರಬರಾಜು ಮಾಡಿದವರಿಗೆ 830, 862, 856 ಎಂಬ ಅಂಕಿಗಳು ಬಾಯಿಪಾಠ: ಮುಂದಿನ ವಾರಗಳ ಯೋಜನೆ, ಇಂತಿಂಥ ದಿನ ಕಳಿಸಬೇಕಾದ ಸರಕಿನ ಪಟ್ಟಿ, ಲಾರಿ ಹೊರಟಿದೆ ಎಂಬ ಮುನ್ಸೂಚನೆ. ಯುರೋಪಿನ ದಾರಿ ಹಿಡಿದವರು ಇದೇ ಮೂರಕ್ಕೆ ಡೆಲ್‌ಫಾರ್, ಡೆಲ್‌ಜಿಟ್, ಡೆಸ್‌ಆಡ್ವ್ ಎನ್ನುತ್ತಾರೆ. ಮೂರನೆಯ ಕೊಳ್ಳುಗ ಇದು ಯಾವುದೂ ಬೇಡ, ನಮ್ಮ ಸಪ್ಲೈಯರ್ ಪೋರ್ಟಲ್ಲಿಗೆ ಬಂದು ಟೈಪ್ ಮಾಡಿ ಎನ್ನುತ್ತಾನೆ. ಮೂವರಿಗೂ ಮಾಲು ಕೊಡುವ ಒಂದೇ ಸಣ್ಣ ಕಾರ್ಖಾನೆಯ ಕಚೇರಿಗೆ ಹೋಗಿ ನೋಡಿ. ಮೂರು ಪಾಸ್‌ವರ್ಡು, ಮೂರು ಬಗೆಯ ಲೇಬಲ್ಲು, ಬಿಡಿಭಾಗ ಒಂದೇ ಆದರೂ ಮೂರು ಪಾರ್ಟ್ ನಂಬರು. ಲೆಕ್ಕ ಬರೆಯುವ ಹುಡುಗಿ ಒಂದು ಪರದೆಯಿಂದ ಇನ್ನೊಂದಕ್ಕೆ ಅಂಕಿ ನಕಲು ಮಾಡುತ್ತಿರುತ್ತಾಳೆ. ದೊಡ್ಡವರು ತಮ್ಮ ಕಡೆಯ ಟೈಪಿಂಗ್ ನಿಲ್ಲಿಸಿದ್ದನ್ನು ಕಾಗದರಹಿತ ವ್ಯವಹಾರ ಎಂದು ಕರೆದರು. ಆ ಟೈಪಿಂಗ್ ನಿಂತಿರಲಿಲ್ಲ, ಚಿಕ್ಕವರ ಮೇಜಿಗೆ ಬಂದಿತ್ತು.

ಇದನ್ನು ಸರಿಪಡಿಸುತ್ತೇವೆಂದು ಹೊರಟವರು ಇದ್ದರು. 1999ರ ಕೊನೆಗೆ ಓಯಸಿಸ್ ಎಂಬ ಮಾನಕ ಸಂಸ್ಥೆಯೂ ವಿಶ್ವಸಂಸ್ಥೆಯ ವ್ಯಾಪಾರ ಸೌಲಭ್ಯ ವಿಭಾಗವೂ ಸೇರಿ ಇಬಿಎಕ್ಸ್‌ಎಂಎಲ್ ಎಂಬ ಹದಿನೆಂಟು ತಿಂಗಳ ಕೆಲಸಕ್ಕೆ ಕೈಹಾಕಿದವು. ಎಷ್ಟೇ ಚಿಕ್ಕ ಕಂಪನಿಯಾದರೂ, ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಇಂಟರ್‌ನೆಟ್ಟಿನಲ್ಲಿ ವ್ಯಾಪಾರ ಮಾಡುವಂತಾಗಬೇಕು ಎಂಬುದು ಗುರಿ. 2001ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಅದನ್ನು ಒಪ್ಪಿಸಿದರು. ಅದರಲ್ಲೊಂದು ಭವ್ಯ ಕಲ್ಪನೆಯಿತ್ತು: ಕಂಪನಿಗಳು ತಮ್ಮ ವಿವರವನ್ನು ಸಾರ್ವಜನಿಕ ನೋಂದಣಿಯಲ್ಲಿ ಇಡುತ್ತವೆ, ಯಂತ್ರಗಳು ತಾವೇ ಹುಡುಕಿ, ತಾವೇ ಕರಾರು ಮಾಡಿಕೊಂಡು ವ್ಯಾಪಾರ ಶುರುಮಾಡುತ್ತವೆ. ಇದೇ ಕನಸಿನ ಇನ್ನೊಂದು ರೂಪವಾದ ಯುಡಿಡಿಐ ಎಂಬ ಸಾರ್ವಜನಿಕ ನೋಂದಣಿಯನ್ನು ಐಬಿಎಂ, ಮೈಕ್ರೊಸಾಫ್ಟ್, ಎಸ್‌ಎಪಿ ನಡೆಸಿದವು, 2006ರಲ್ಲಿ ಮುಚ್ಚಿದವು. ಮುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಕಾರ್ಖಾನೆಯೊಂದು ಹೊಸ ಸರಬರಾಜುದಾರನನ್ನು ಸೇರಿಸಿಕೊಳ್ಳುವ ಮೊದಲು ಅವನ ಯಂತ್ರ ನೋಡುತ್ತದೆ, ಮಾದರಿ ತರಿಸುತ್ತದೆ, ಅವನ ಬಗ್ಗೆ ಬೇರೆಯವರನ್ನು ಕೇಳುತ್ತದೆ. ನಂಬಿಕೆಯ ಕೆಲಸವನ್ನು ನೋಂದಣಿಗೆ ಒಪ್ಪಿಸಲಾಗುವುದಿಲ್ಲ.

ಕನಸಿನಲ್ಲಿ ಉಳಿದದ್ದು ಅದರ ಅತಿ ಸಾದಾ ಭಾಗ. ಜಾನ್ ಬೊಸಾಕ್ ಅವರೇ ಮುಂದೆ ಓಯಸಿಸ್‌ನಲ್ಲಿ ಯುಬಿಎಲ್ ಎಂಬ ಸಾರ್ವತ್ರಿಕ ವ್ಯಾಪಾರ ಭಾಷೆಯ ಸಮಿತಿಯನ್ನು ನಡೆಸಿದರು. 2004ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಎಂಟೇ ದಾಖಲೆಗಳು. ಆರ್ಡರು, ಆರ್ಡರಿಗೆ ಎರಡು ಬಗೆಯ ಉತ್ತರ, ಆರ್ಡರಿನ ಬದಲಾವಣೆ, ರದ್ದತಿ, ಸರಕು ಕಳಿಸಿದ ಸೂಚನೆ, ಸರಕು ಸ್ವೀಕರಿಸಿದ ಸೂಚನೆ, ಬಿಲ್ಲು. ಎರಡು ಕಂಪನಿಗಳ ನಡುವೆ ಒಂದು ವ್ಯಾಪಾರ ನಡೆಯಲು ಬೇಕಾದದ್ದು ಇಷ್ಟೇ ಎಂದು ಕಂಡುಕೊಂಡದ್ದೇ ಆ ಸಮಿತಿಯ ದೊಡ್ಡ ಕೆಲಸ ಎಂದು ನಾನು ತಿಳಿದಿದ್ದೇನೆ. 2013ರ ಆವೃತ್ತಿಯ ಹೊತ್ತಿಗೆ ದಾಖಲೆಗಳು 65 ಆದವು, 2015ರಲ್ಲಿ ಅದು ಐಎಸ್‌ಓ ಮಾನಕವಾಯಿತು. ಡೆನ್ಮಾರ್ಕ್ 2005ರ ಫೆಬ್ರವರಿಯಿಂದ ಸರ್ಕಾರಕ್ಕೆ ಬರುವ ಬಿಲ್ಲೆಲ್ಲ ಇದರ ಆರಂಭದ ಕರಡನ್ನು ಆಧರಿಸಿದ ರೂಪದಲ್ಲಿ ಬರಬೇಕೆಂದು ಕಡ್ಡಾಯ ಮಾಡಿತು. ಅದರ ಬೆನ್ನಿಗೆ ಯುರೋಪಿನಲ್ಲಿ ಪೆಪ್ಪಾಲ್ ಎಂಬ ಬಿಲ್ಲು ವಿನಿಮಯದ ಜಾಲ ಬೆಳೆಯಿತು.

ನಮ್ಮ ದೇಶಕ್ಕೆ ಇದು ಬಂದ ದಾರಿ ತೆರಿಗೆಯದು. ಸರಕು ಸಾಗಣೆಯ ವಿವರ ದಾಖಲಿಸುವ ಇ-ವೇ ಬಿಲ್ ವ್ಯವಸ್ಥೆಯನ್ನು ಕಟ್ಟಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರಿನ ತಂಡ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೆ ಅದೇ ಬಗೆಯ ಇ-ಸುಗಮ ವ್ಯವಸ್ಥೆಯ ಅನುಭವ ಮೊದಲೇ ಇತ್ತು. 2017ರ ಸೆಪ್ಟೆಂಬರಿನಲ್ಲಿ ಇ-ವೇ ಬಿಲ್ ಮೊದಲು ಜಾರಿಯಾದದ್ದು ಕರ್ನಾಟಕದಲ್ಲಿ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ದೇಶದಾದ್ಯಂತ ಅದು ಕಡ್ಡಾಯವಾದದ್ದು 2018ರ ಏಪ್ರಿಲ್ 1ರಿಂದ. ಹೊಸೂರು ದಾಟುವ ಲಾರಿಯ ಚಾಲಕನ ಜೇಬಿನಲ್ಲಿ ಅಂದಿನಿಂದ ಒಂದು ನಂಬರು ಇದ್ದೇ ಇರುತ್ತದೆ.

ಆಮೇಲೆ ಇ-ಇನ್‌ವಾಯ್ಸ್. 2019ರ ಸೆಪ್ಟೆಂಬರಿನಲ್ಲಿ ಗೋವಾದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಅದರ ಮಾನಕವನ್ನು ಒಪ್ಪಿತು. 2020ರ ಅಕ್ಟೋಬರ್ 1ರಿಂದ 500 ಕೋಟಿ ರೂಪಾಯಿಗೆ ಮೇಲಿನ ವಹಿವಾಟಿನವರಿಗೆ ಅದು ಕಡ್ಡಾಯ, ಮೂರು ತಿಂಗಳಿಗೆ 100 ಕೋಟಿಯವರಿಗೆ, ಮುಂದೆ 50, 20, 10, ಕೊನೆಗೆ 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರಿಗೆ. ಬರವಣಿಗೆಯ ರೂಪ ಎಕ್ಸ್‌ಎಂಎಲ್ ಅಲ್ಲ, ಜೇಸನ್. ಆದರೆ ಯಾವ ಮಾಹಿತಿ ಇರಬೇಕು, ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂಬ ಒಡಲಿನ ಲೆಕ್ಕಾಚಾರಕ್ಕೆ ಪೆಪ್ಪಾಲ್ ಮತ್ತು ಯುಬಿಎಲ್ ದಾರಿ ತೋರಿಸಿವೆ. ಬರೆಯುವ ರೂಪ ಕಾಲಕಾಲಕ್ಕೆ ಬದಲಾಗುತ್ತದೆ. ಬಿಲ್ಲು ಎಂದರೆ ಏನೇನು ಎಂಬ ಒಪ್ಪಂದ ಬಹುಕಾಲ ಬಾಳುತ್ತದೆ.

ಈ ವ್ಯವಸ್ಥೆಯ ನಡೆಯನ್ನು ಒಮ್ಮೆ ನೋಡಬೇಕು. ಮಾರುವವನ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಈ ನಾಲ್ಕನ್ನು ಸೇರಿಸಿ ಗಣಿತದ ಒಂದು ಸೂತ್ರದಲ್ಲಿ ಹಾಯಿಸಿದರೆ 64 ಅಕ್ಷರಗಳ ಒಂದು ಗುರುತು ಹುಟ್ಟುತ್ತದೆ. ಅದೇ ಐಆರ್‌ಎನ್. ಅದೇ ಬಿಲ್ಲನ್ನು ಎರಡನೇ ಸಲ ನೋಂದಾಯಿಸಹೋದರೆ ಅದೇ ಗುರುತು ಬರುತ್ತದೆ, ಪೋರ್ಟಲ್ ತಿರಸ್ಕರಿಸುತ್ತದೆ. ಮುಖ್ಯ ವಿವರಗಳು ಪೋರ್ಟಲ್ಲಿನ ಡಿಜಿಟಲ್ ಸಹಿಯೊಂದಿಗೆ ಕ್ಯೂಆರ್ ಕೋಡಿನಲ್ಲಿ ಸೇರುತ್ತವೆ, ಆಮೇಲೆ ಯಾರಾದರೂ ಮೊತ್ತ ತಿದ್ದಿದರೆ ಗೊತ್ತಾಗುತ್ತದೆ. ಹಿಂದೆ ಹುಂಡಿ ಬರೆಯುವವರು ಮೊತ್ತವನ್ನು ಅಂಕಿಯಲ್ಲಿ ಬರೆದು, ಅಕ್ಷರದಲ್ಲಿ ಬರೆದು, ಅದರ ಅರ್ಧ ಇಷ್ಟು, ಆ ಅರ್ಧದ ಇಮ್ಮಡಿ ಇಷ್ಟು ಎಂದು ಮತ್ತೊಮ್ಮೆ ಬರೆಯುತ್ತಿದ್ದರು. ಆ ಎಚ್ಚರವೇ ಇಲ್ಲಿ ಬೇರೆ ಉಪಕರಣ ಹಿಡಿದು ಬಂದಿದೆ.

ನನ್ನ ಅಭಿಪ್ರಾಯದಲ್ಲಿ ಭಾರತದ ಸಣ್ಣ ಕೈಗಾರಿಕೆಗೆ ಇದರಿಂದ ಒಳ್ಳೆಯದೇ ಆಯಿತು. ಕೊಳ್ಳುಗ ಯಾರೇ ಇರಲಿ, ಬಿಲ್ಲಿನ ರೂಪ ಒಂದೇ. ಯಾವ ದೊಡ್ಡ ಕಂಪನಿಯೂ ತನ್ನದೇ ರೂಪದಲ್ಲಿ ಇ-ಇನ್‌ವಾಯ್ಸ್ ಬರೆದುಕೊಡು ಎಂದು ಕೇಳುವಂತಿಲ್ಲ. ಬೆಂಗಳೂರಿನ ಟ್ಯಾಲಿಯಂಥ ತಂತ್ರಾಂಶದವರು ಒಂದೇ ಸಲ ಕೆಲಸ ಮಾಡಿ ಎಲ್ಲರಿಗೂ ಕೊಟ್ಟರು, ಅಂಗಡಿಯಲ್ಲಿ ಕುಳಿತ ಅಕೌಂಟೆಂಟು ಒಂದು ಗುಂಡಿ ಒತ್ತಿದರೆ ಸಾಕಾಯಿತು.

ಕೊರತೆಗಳೂ ಇವೆ, ಕೆಲವು ಚಿಕ್ಕವು. ಅಳತೆಯ ಘಟಕವನ್ನೇ ತೆಗೆದುಕೊಳ್ಳಿ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕಿಲೋಗ್ರಾಮಿಗೆ ಕೆಜಿಎಂ ಎಂಬ ಸಂಕೇತ, ಟನ್ನಿಗೆ ಟಿಎನ್‌ಇ, ಡಜನ್ನಿಗೆ ಡಿಝಡ್‌ಎನ್. ಯುಬಿಎಲ್ ಮತ್ತು ಎಡಿಫ್ಯಾಕ್ಟ್ ಎರಡೂ ಬಳಸುವುದು ಇದನ್ನು. ನಮ್ಮ ಜಿಎಸ್‌ಟಿಯಲ್ಲಿ ಇವೇ ಕೆಜಿಎಸ್, ಎಂಟಿಎಸ್, ಡಿಓಝಡ್. ಅಕ್ಷರಗಳು ಮಾತ್ರ ಅತ್ತಿತ್ತ, ಆದರೆ ಯಂತ್ರಕ್ಕೆ ಇವು ಬೇರೆ ಬೇರೆ ವಸ್ತುಗಳು. ಪೀಣ್ಯದ ರಫ್ತುದಾರ ದೇಶದೊಳಗೆ ಒಂದು ಸಂಕೇತ, ಹಡಗಿನ ಕಂಪನಿಗೆ ಇನ್ನೊಂದು ಸಂಕೇತ ಇಟ್ಟುಕೊಂಡು ನಡುವೆ ಒಂದು ಕೋಷ್ಟಕ ಕಾಪಾಡಬೇಕು. ದಶಕಗಳಿಂದ ಜಗತ್ತು ಬಳಸುತ್ತಿದ್ದ ಪಟ್ಟಿ ಕಣ್ಣೆದುರಿಗೆ ಇದ್ದಾಗ ಹೊಸದೊಂದನ್ನು ಮಾಡಬೇಕಾಗಿರಲಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ದೊಡ್ಡ ಕೊರತೆ ಬೇರೆ. ಯುಬಿಎಲ್‌ನ ಆ ಮೊದಲ ಎಂಟು ದಾಖಲೆಗಳನ್ನು ನೆನಪಿಸಿಕೊಳ್ಳಿ. ಭಾರತ ಅವುಗಳಲ್ಲಿ ಒಂದನ್ನು, ಬಿಲ್ಲನ್ನು ಮಾತ್ರ, ಒಂದೇ ರೂಪದಲ್ಲಿ ಕಡ್ಡಾಯ ಮಾಡಿತು. ತೆರಿಗೆಗೆ ಬೇಕಾದದ್ದು ಅದು. ಸರಕಿನ ಸಾಗಣೆಗೆ ಇ-ವೇ ಬಿಲ್ ಬಂತು, ಅದೂ ತೆರಿಗೆಗೆ ಬೇಕಾದದ್ದು. ಆರ್ಡರು ಕೊಳ್ಳುಗನ ರೂಪದಲ್ಲೇ ಉಳಿಯಿತು. ಸರಕು ತಲುಪಿತು, ಇಷ್ಟು ಒಪ್ಪಿದೆವು, ಇಷ್ಟು ರಿಜೆಕ್ಟ್ ಮಾಡಿದೆವು ಎಂದು ಹೇಳುವ ದಾಖಲೆ, ನೀವೆಲ್ಲ ಜಿಆರ್‌ಎನ್ ಎನ್ನುವುದು, ಪೂರ್ತಿಯಾಗಿ ಕೊಳ್ಳುಗನ ಕೈಯಲ್ಲಿ ಉಳಿಯಿತು.

ಅದು ಯಾಕೆ ಇಷ್ಟು ಮುಖ್ಯ? ಸಣ್ಣ ಉದ್ಯಮಗಳ 2006ರ ಕಾಯಿದೆಯನ್ನು ನೋಡಿ. ಕೊಳ್ಳುಗ ಒಪ್ಪಂದದ ದಿನಾಂಕದೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಸೇರಿಸುವ ಚಕ್ರಬಡ್ಡಿ. 2024-25ರ ಕರನಿರ್ಧಾರ ವರ್ಷದಿಂದ ಆದಾಯ ತೆರಿಗೆಯ 43ಬಿ ಕಲಮಿಗೆ ಸೇರಿದ ಹೊಸ ಉಪಕಲಮು ಇನ್ನೂ ಬಿಗಿಯಾದದ್ದು: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹೀಗೆ ಸಕಾಲದಲ್ಲಿ ಕೊಡದ ಹಣವನ್ನು ಕೊಳ್ಳುಗ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬೇಕು. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಈ ದಿನಗಳ ಎಣಿಕೆ ಶುರುವಾಗುವುದು ಎಲ್ಲಿಂದ? ಬಿಲ್ಲಿನ ದಿನಾಂಕದಿಂದಲ್ಲ. ಸರಕನ್ನು ಒಪ್ಪಿದ ದಿನದಿಂದ.

ಒಪ್ಪಿದ ದಿನ ಎಂದರೆ ಸರಕು ನಿಜವಾಗಿ ತಲುಪಿದ ದಿನ ಎಂದು ಕಾಯಿದೆಯೇ ಹೇಳುತ್ತದೆ. 15 ದಿನದೊಳಗೆ ಕೊಳ್ಳುಗ ಬರಹದಲ್ಲಿ ಆಕ್ಷೇಪ ಎತ್ತಿದರೆ ಆ ಆಕ್ಷೇಪವನ್ನು ಸರಬರಾಜುದಾರ ಪರಿಹರಿಸಿದ ದಿನ. ಈಗ ಕಾರ್ಖಾನೆಯ ಗೇಟಿಗೆ ಬನ್ನಿ. ಲಾರಿ ಸೋಮವಾರ ಒಳಗೆ ಹೋಯಿತು. ಡೆಲಿವರಿ ಚಲನ್ನಿನ ಮೇಲೆ ಸೆಕ್ಯುರಿಟಿಯವರ ಸೀಲು ಬಿತ್ತು. ಜಿಆರ್‌ಎನ್ ಆದದ್ದು ಹನ್ನೆರಡು ದಿನ ಬಿಟ್ಟು. ರಿಜೆಕ್ಷನ್ ಎಷ್ಟು ಎಂಬುದು ತಿಂಗಳ ಕೊನೆಗೆ ಡೆಬಿಟ್ ನೋಟಿನಲ್ಲಿ ತಿಳಿಯಿತು. ನಡುವೆ ಆಕ್ಷೇಪ ಬರಹದಲ್ಲಿ ಬಂದಿತ್ತೋ, ಫೋನಿನಲ್ಲಿ ಬಂದಿತ್ತೋ ಎಂಬುದು ಇಬ್ಬರ ನೆನಪಿಗೆ ಬಿಟ್ಟದ್ದು. ಇಷ್ಟನ್ನು ಹಿಡಿದು ಬಡ್ಡಿ ಕೇಳಲು ಹೋಗುವ ಧೈರ್ಯ ಯಾವ ಸಣ್ಣ ಸರಬರಾಜುದಾರನಿಗಿದೆ? ನಾಳೆಯ ಶೆಡ್ಯೂಲೂ ಅದೇ ಕೊಳ್ಳುಗನಿಂದ ಬರಬೇಕು.

ಟಿರೆಡ್ಸ್ ವೇದಿಕೆಗಳ ಕಥೆಯೂ ಇದೇ ಬಾಗಿಲಲ್ಲಿ ನಿಲ್ಲುತ್ತದೆ. ಸಣ್ಣ ಉದ್ಯಮದ ಬಿಲ್ಲನ್ನು ಬ್ಯಾಂಕುಗಳು ಹರಾಜಿನಲ್ಲಿ ಕೊಂಡು ಮೊದಲೇ ಹಣ ಕೊಡುವ ಈ ವ್ಯವಸ್ಥೆ ರಿಸರ್ವ್ ಬ್ಯಾಂಕಿನ ಒಳ್ಳೆಯ ಯೋಜನೆಗಳಲ್ಲಿ ಒಂದು. 250 ಕೋಟಿಗೆ ಮೇಲಿನ ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ಆದೇಶವೂ ಆಯಿತು. ಆದರೆ ಕೊಳ್ಳುಗ ಹೌದು, ಈ ಬಿಲ್ಲು ನನ್ನದೇ ಎಂದು ಒಪ್ಪುವ ತನಕ ಬ್ಯಾಂಕಿನವರು ಹಣ ಬಿಡುವುದಿಲ್ಲ. ನೋಂದಣಿ ಕಡ್ಡಾಯವಾದರೂ ಒಪ್ಪಿಗೆ ಕೊಳ್ಳುಗನ ಇಷ್ಟಕ್ಕೆ ಬಿಟ್ಟದ್ದು.

ಜಿಎಸ್‌ಟಿ ಪೋರ್ಟಲ್ಲಿನಲ್ಲಿ 2024ರ ಅಕ್ಟೋಬರಿನಿಂದ ಐಎಂಎಸ್ ಎಂಬ ಸೌಲಭ್ಯ ಬಂದಿದೆ, ಅಲ್ಲಿ ಕೊಳ್ಳುಗ ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಹಾಗಾದರೆ ಕೊಳ್ಳುಗನ ಸ್ವೀಕೃತಿಯೂ ಬಂದೇ ಬಿಟ್ಟಿತಲ್ಲ ಎನ್ನಬಹುದು. ಬಂದಿಲ್ಲ. ಅಲ್ಲಿ ನಡೆಯುವುದು ತೆರಿಗೆ ಜಮೆಗೆ ಸಂಬಂಧಿಸಿದ ಒಪ್ಪಿಗೆ. ಐನೂರು ಬುಷ್ ಬಂದಿದ್ದವು, ನಾನೂರ ಎಂಬತ್ತು ಸರಿಯಿವೆ, ಇಪ್ಪತ್ತರ ಒಳವ್ಯಾಸ ತಪ್ಪಿದೆ ಎಂದು ಹೇಳಲು ಅಲ್ಲಿ ಜಾಗವಿಲ್ಲ. ಆದರೂ ಅದು ಒಂದು ವಿಷಯವನ್ನು ತೋರಿಸಿಕೊಟ್ಟಿದೆ: ಕೊಳ್ಳುಗನಿಂದ ಉತ್ತರ ಪಡೆಯುವ ಸಂದೇಶವನ್ನು ದೇಶದ ಮಟ್ಟದಲ್ಲಿ ಕಟ್ಟಲು ಬರುತ್ತದೆ.

ಸರ್ಕಾರ ತನಗೆ ಬೇಕಾದ ದಾಖಲೆಗೆ ಮಾನಕ ಮಾಡಿತು, ದೊಡ್ಡ ಕೊಳ್ಳುಗ ತನಗೆ ಬೇಕಾದದ್ದಕ್ಕೆ ಮಾಡಿಕೊಂಡ. ಸಣ್ಣ ತಯಾರಕರಿಗೆ ಬೇಕಾದ ದಾಖಲೆ ಯಾವುದೆಂದು ಸಣ್ಣ ತಯಾರಕರೇ ಕುಳಿತು ಬರೆಯಲಿಲ್ಲ. ಇದು ಬಡತನದ ಮಾತಲ್ಲ, ರೂಢಿಯ ಮಾತು. ಆದರೆ ವರ್ತಕರು ಸೇರಿ ತಮ್ಮ ಕಟ್ಟಳೆಗಳನ್ನು ತಾವೇ ಮಾಡಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಐಹೊಳೆಯ ಹೆಸರು ಹೊತ್ತ ಐನೂರ್ವರ ಸಂಘ ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿ ತನ್ನ ಶಾಸನಗಳನ್ನು ಬಿಟ್ಟುಹೋಗಿದೆ. ಸುಮಾತ್ರಾದ ಬಾರೂಸ್ ಬಳಿಯ ಲೋಬು ತುವಾದಲ್ಲಿ ಸಿಕ್ಕ, 1088ರ ತಮಿಳು ಶಾಸನವೂ ಐನೂರ್ವರದೇ. ಅದರ ಬಗ್ಗೆ ಬರೆದ ವಿದ್ವಾಂಸರಲ್ಲಿ ಇದೇ ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದ ಕೆ. ಎ. ನೀಲಕಂಠ ಶಾಸ್ತ್ರಿಗಳು ಒಬ್ಬರು. ಹಡಗಿನವರು ಏನು ತೆರಬೇಕು ಎಂಬುದನ್ನು ಅರಸನಲ್ಲ, ವರ್ತಕರ ಕೂಟ ಕಲ್ಲಿನ ಮೇಲೆ ಬರೆಸಿತ್ತು. ಆ ಕೂಟದಲ್ಲಿ ಇದ್ದ ಧೈರ್ಯ ಇಂದಿನ ನಮ್ಮ ಕೈಗಾರಿಕಾ ಸಂಘಗಳಿಗೂ ಬರಬೇಕೆಂಬುದು ನನ್ನ ಆಸೆ.

ಅಂಬತ್ತೂರಿನ ತಯಾರಕರಿಗೆ ಒಂದು ಸಂಘವಿದೆ, ಪೀಣ್ಯದವರಿಗೆ ಒಂದು ಸಂಘವಿದೆ. ವಿದ್ಯುತ್ ದರಕ್ಕೆ, ರಸ್ತೆಗೆ, ಚರಂಡಿಗೆ ಅವು ಹೋರಾಡುತ್ತವೆ, ಹೋರಾಡಲೇಬೇಕು. ಅದರ ಜೊತೆಗೆ ಎರಡೂ ಸಂಘಗಳು ಸೇರಿ ಸರಕು ಸ್ವೀಕೃತಿಗೆ ಒಂದು ಕರಡು ಬರೆಯಬಹುದು. ಅದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಯುಬಿಎಲ್‌ನ ಸ್ವೀಕೃತಿ ಸೂಚನೆ 2004ರಿಂದ ಎಲ್ಲರ ಮುಂದಿದೆ, ಪುಕ್ಕಟೆ ಸಿಗುತ್ತದೆ. ನಮಗೆ ಬೇಕಾದ ಅಂಶಗಳು ಕೆಲವೇ: ಬಿಲ್ಲಿನ ಐಆರ್‌ಎನ್, ಆರ್ಡರಿನ (ಪಿಓ) ಸಂಖ್ಯೆ, ಸರಕು ತಲುಪಿದ ದಿನ, ಬಂದ ಎಣಿಕೆ, ಒಪ್ಪಿದ ಎಣಿಕೆ, ತಿರಸ್ಕರಿಸಿದ ಎಣಿಕೆ, ತಿರಸ್ಕಾರದ ಕಾರಣ, ಆಕ್ಷೇಪವಿದ್ದರೆ ಅದರ ದಿನಾಂಕ. ಐಆರ್‌ಎನ್ ಈಗಾಗಲೇ ಪ್ರತಿ ಇ-ಇನ್‌ವಾಯ್ಸಿಗೂ ಒಂದೇ ಒಂದು ಗುರುತು ಕೊಟ್ಟಿರುವುದರಿಂದ ಸ್ವೀಕೃತಿಯನ್ನು ಅದಕ್ಕೆ ಕಟ್ಟುವುದು ಸುಲಭ. 15 ದಿನ ಕಳೆದರೂ ಬರಹದಲ್ಲಿ ಆಕ್ಷೇಪ ಬಾರದಿದ್ದರೆ ಕಾಯಿದೆ ಹೇಳುವ ಪ್ರಕಾರ ಅದು ಒಪ್ಪಿದಂತೆ ಎಂದು ವ್ಯವಸ್ಥೆಯೇ ದಾಖಲಿಸಲಿ. ಟಿರೆಡ್ಸ್‌ನವರು ಆ ದಾಖಲೆಯನ್ನೇ ಒಪ್ಪಿಗೆಯೆಂದು ತೆಗೆದುಕೊಳ್ಳಲಿ.

ಕಾರಣಗಳ ಪಟ್ಟಿಯೇ ಹೆಚ್ಚು ವಾದಕ್ಕೆ ಎಡೆಮಾಡುತ್ತದೆ. ಅಳತೆ ತಪ್ಪು, ತುಕ್ಕು, ಸಾಗಣೆಯಲ್ಲಿ ಪೆಟ್ಟು, ಎಣಿಕೆ ಕಡಿಮೆ ಎಂಬಂಥ ಕಾರಣಗಳಿಗೆ ಒಂದೊಂದು ಸಂಕೇತ ಕೊಡಬೇಕು, ಇತರೆ ಎಂಬ ಒಂದು ಕೋಣೆಯನ್ನು ಆದಷ್ಟು ಇಡಬಾರದು. ಇತರೆ ಎಂದಿದ್ದರೆ ಎಲ್ಲ ತಿರಸ್ಕಾರಗಳೂ ಅಲ್ಲಿಗೇ ಹೋಗಿ ಸೇರುತ್ತವೆ. ಈ ಪಟ್ಟಿಯನ್ನು ಬರೆಯಬಲ್ಲವರು ದಿಲ್ಲಿಯ ಕಚೇರಿಯವರಲ್ಲ, ಲೈನ್ ರಿಜೆಕ್ಷನ್ನಿನ ಪೆಟ್ಟಿಗೆಯನ್ನು ವಾಪಸ್ ಪಡೆದು ಬಿಚ್ಚಿ ನೋಡಿದವರು. ನಿಮ್ಮಲ್ಲಿ ಹಲವರು ಆ ಕೆಲಸ ಮಾಡಿದ್ದೀರಿ.

ಸಂಘಗಳ ಮೊದಲ ಸಭೆಯಲ್ಲೇ ಇನ್ನೊಂದು ತೀರ್ಮಾನವಾಗಬೇಕು. ‘ತಲುಪಿದ ದಿನ’ ಎಂಬ ಟ್ಯಾಗಿನಲ್ಲಿ ಯಾವ ದಿನಾಂಕ ಬರೆಯಬೇಕು, ಗೇಟಿನಲ್ಲಿ ಲಾರಿ ಒಳಗೆ ಹೋದದ್ದೋ, ಸ್ಟೋರಿನಲ್ಲಿ ಎಣಿಕೆ ಮುಗಿದದ್ದೋ? ಕೊಳ್ಳುಗರು ಎರಡನೆಯದನ್ನು ಕೇಳುತ್ತಾರೆ, ಅದಕ್ಕೆ ಅವರಲ್ಲಿ ಕಾರಣಗಳೂ ಇರುತ್ತವೆ. ಕಾಯಿದೆಯ ಮಾತು ಸರಕು ನಿಜವಾಗಿ ತಲುಪಿದ ದಿನ ಎಂದಿರುವಾಗ ಗೇಟಿನ ದಿನಾಂಕವನ್ನೇ ಹಿಡಿಯಬೇಕು, ಆ ಟ್ಯಾಗನ್ನು ಕಡ್ಡಾಯ ಮಾಡಬೇಕು.